ರೇಡಿಯೊನ ಪಾಟೀಸವಾಲು

"ಲೇ, ಇದೇನು ನಿಮ್ಮಪ್ಪನ ಮನೆ ಜಗಲಿನಾ? ಕೆಮ್ಮೋದಿದ್ರೆ ಹೊರಗೆ ಹೋಗಿ ಕೆಮ್ಮು, ಇಲ್ಲಾ ಅಲ್ಲೇ ಸಾಯಿ. ಒಳಗೆ ಜಡ್ಜ್ ಸಾಹೇಬ್ರು ಕೂತಿರೋದು ಕಾಣಲ್ವಾ?"

ಕೋರ್ಟಿನ ಜವಾನ ಹೀಗೆ ಬೈಯುತ್ತಿದ್ದದ್ದು ನನ್ನ ಅಣ್ಣನನ್ನು. ಅಣ್ಣ ಬಾಯಿಗೆ ಟವೆಲ್ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಹೊರಗೆ ಹೋಗಬಾರದೆಂಬ ಹಟವೇನೂ ಅವನಿಗಿರಲಿಲ್ಲ. ಬಾಗಿಲವರೆಗೆ ನಡೆಯುವಷ್ಟು ಉಸಿರು ಇರಲಿಲ್ಲ, ಅಷ್ಟೆ. ಇದ್ದ ಚೂರುಪಾರು ಉಸಿರನ್ನು ಸಾಕ್ಷಿ ಹೇಳಲೆಂದು ಎತ್ತಿಟ್ಟುಕೊಂಡಿದ್ದ.

"ಏಯ್, ನಿಂಗೇ ಹೇಳ್ತಿರೋದು. ಕತ್ತು ಹಿಡಿದು ತಳ್ಳಬೇಕಾ?"

"ಮುಟ್ಟಿ ನೋಡು," ಎಂದೆ ನಾನು. "ಮುಟ್ಟಿದ್ರೆ ಇಲ್ಲೇ ಹೋಗ್ಬಿಡ್ತಾನೆ. ಆಮೇಲೆ ಹೊತ್ಕೊಂಡು ಹೋಗೋ ಕೆಲ್ಸ ನಿಂದೇ."

ಜವಾನ ಹಿಂದೆ ಸರಿದ. ನಮ್ಮಂಥವರು ಬದುಕಿದ್ದಾಗ ಯಾರೂ ಹೆದರುವುದಿಲ್ಲ. ಈಗ ಹೆಣವಾಗುತ್ತೇವೆ ಎಂದರೆ ಮಾತ್ರ ಸ್ವಲ್ಪ ದಾರಿ ಬಿಡುತ್ತಾರೆ.

ಅಷ್ಟರಲ್ಲಿ ಬೆಣ್ಣೆ ವಕೀಲರು ಬಂದರು. ಇವರು ಕಲ್ಲುಪುಡಿ ಕಾರ್ಖಾನೆಯ ಧಣಿಯ ಪರ ವಾದಿಸುವವರು, ಅಂದರೆ ನಮಗೆ ಎದುರು ಪಕ್ಷ. ಬೆಣ್ಣೆ ಎಂದು ಹೆಸರಿಟ್ಟವರು ನಾವೇ. ಅವರ ಬಾಯಿಂದ ಎರಡು ಮಾತು ಕೇಳಿದರೆ ನಿಮಗೂ ಬೇರೆ ಹೆಸರು ಹೊಳೆಯುವುದಿಲ್ಲ.

"ಏನಪ್ಪಾ ಇದು?" ಎಂದು ಅವರು ಜವಾನನನ್ನು ಮೆಲ್ಲಗೆ ಗದರಿದರು. "ಕಾಯಿಲೆ ಮನುಷ್ಯನ ಹತ್ತಿರ ಹೀಗಾ ಮಾತಾಡೋದು? ನ್ಯಾಯಾಲಯದಲ್ಲಿ ಸಭ್ಯತೆ ಬೇಡವಾ? ಹೋಗು, ಒಂದು ಕುರ್ಚಿ ತಗೊಂಡು ಬಾ."

ಕುರ್ಚಿ ಬಂತು. ಬೆಣ್ಣೆ ವಕೀಲರು ತಾವೇ ಅಣ್ಣನ ಹೆಗಲು ಹಿಡಿದು ಕೂರಿಸಿದರು. ಎಷ್ಟು ಒಗೆದರೂ ಅಣ್ಣನ ಅಂಗಿಯಿಂದ ಬಿಟ್ಟುಹೋಗದ ಬಿಳಿ ಪುಡಿ ಅವರ ಕರಿ ಕೋಟಿನ ತೋಳಿಗೆ ಹತ್ತಿತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ ನೋಡಿ, ಅಂಥ ದೊಡ್ಡ ಮನಸ್ಸು. ಕೊಡವಿಕೊಂಡದ್ದು ಒಳಗೆ ಹೋದ ಮೇಲೆ.

ಒಳಗೆ ನಮ್ಮ ಕೇಸು ಕೂಗಿದರು. ಅಣ್ಣನನ್ನು ಕುರ್ಚಿಸಮೇತ ಎತ್ತಿ ಕಟಕಟೆಯ ಪಕ್ಕ ಇಟ್ಟೆವು. ಅಂದು ಪಾಟೀಸವಾಲು. ಹಿಂದಿನ ಸಲ ಅಣ್ಣ ಹೇಳಿದ್ದ ಸಾಕ್ಷಿಯನ್ನು ಎದುರು ವಕೀಲರು ಕೆದಕಿ, ತಿರುಚಿ, ನೀನು ಸುಳ್ಳ, ನೀನು ಕುಡುಕ ಎಂದು ಸಾಧಿಸಲು ನೋಡುವ ದಿನ. ಮನೆಯಿಂದ ಹೊರಡುವಾಗಲೇ ನಮ್ಮೆಲ್ಲರ ಎದೆ ಢವಢವ ಎನ್ನುತ್ತಿತ್ತು. ಅಣ್ಣನೊಬ್ಬ ಮಾತ್ರ ಗಟ್ಟಿಯಾಗಿದ್ದ.

ಬೆಣ್ಣೆ ವಕೀಲರು ಎದ್ದರು, ತಲೆ ಬಾಗಿಸಿದರು, ಗಂಟಲು ಸರಿಮಾಡಿಕೊಂಡರು.

"ಮಹಾಸ್ವಾಮಿ, ಸಾಕ್ಷಿಯ ಸ್ಥಿತಿಯನ್ನು ತಾವೇ ನೋಡುತ್ತಿದ್ದೀರಿ. ಇಂಥವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವಷ್ಟು ಕಲ್ಲುಮನಸ್ಸು ನನ್ನದಲ್ಲ. ನಾನು ಮೊದಲು ಮನುಷ್ಯ, ಆಮೇಲೆ ವಕೀಲ. ಅವರು ಸ್ವಲ್ಪ ಸುಧಾರಿಸಿಕೊಳ್ಳಲಿ. ದಯಮಾಡಿ ವಾಯಿದೆ ಕೊಡಬೇಕು."

ಜಡ್ಜ್ ಸಾಹೇಬರ ಮುಖ ಅರಳಿತು. "ಇಂಥ ಸೌಜನ್ಯ ಈಗಿನ ಕಾಲದಲ್ಲಿ ಅಪರೂಪ," ಎಂದು ನಮ್ಮ ವಕೀಲರ ಕಡೆ ತಿರುಗಿದರು. "ತಾವೇನು ಹೇಳುತ್ತೀರಿ?"

ನಮ್ಮ ವಕೀಲರು ಅರ್ಧ ಎದ್ದರು. "ಅಭ್ಯಂತರವಿಲ್ಲ ಮಹಾಸ್ವಾಮಿ. ನನ್ನ ವಿದ್ವಾಂಸ ಮಿತ್ರರ ಮಾನವೀಯತೆಗೆ ನಾನು ಆಭಾರಿ."

ಹೀಗೆ ಎಲ್ಲರೂ ಎಲ್ಲರಿಗೂ ಆಭಾರಿಗಳಾದರು. ಕೇಸು ಮುಂದಕ್ಕೆ ಹೋಯಿತು. ಅಣ್ಣನನ್ನು ಮೂಟೆ ಮಾಮ ಬೆನ್ನ ಮೇಲೆ ಹೊತ್ತುಕೊಂಡು ಕೋರ್ಟಿನ ಮೆಟ್ಟಿಲು ಇಳಿದ. ಕಾರ್ಖಾನೆಯಲ್ಲಿ ಮೂಟೆ ಹೊರುವುದು ಮಾಮನ ಕೆಲಸ. ರಕ್ತಸಂಬಂಧವೇನಿಲ್ಲ, ಕಾರ್ಖಾನೆಯ ಹುಡುಗರೆಲ್ಲ ಮಾಮ ಎನ್ನುತ್ತಾರೆ. ಅವನ ಸ್ವಂತ ಮಗ ಅಣ್ಣನ ಜೊತೆಯಲ್ಲೇ ಕೆಲಸ ಮಾಡಿ, ಅಣ್ಣನಿಗಿಂತ ಮೊದಲೇ ಕೆಮ್ಮಿ ತೀರಿಕೊಂಡಿದ್ದ.

"ಹಗುರಾಗ್ಬಿಟ್ಟಿದೀಯಲ್ಲೋ ನನ್ಮಗನೇ," ಎಂದ ಮಾಮ. "ಖಾಲಿ ಚೀಲ ಹೊತ್ತಂಗಾಯ್ತು."

"ಪುಡಿಯೆಲ್ಲಾ ಒಳಗೇ ಇದೆ ಮಾಮ," ಎಂದ ಅಣ್ಣ. "ಸರಿಯಾಗಿ ತೂಗಿಸು."

ಅಣ್ಣನಿಗೆ ಕಾರ್ಖಾನೆಯಲ್ಲಿ ರೇಡಿಯೊ ಎಂದು ಹೆಸರು. ಮೊದಲೆಲ್ಲ ಅವನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಕಲ್ಲು ಅರೆಯುವ ಯಂತ್ರದ ಸದ್ದನ್ನೂ ಮೀರಿಸಿ ಕಿರುಚಿ ಜೋಕು ಹೇಳುತ್ತಿದ್ದ, ಮೇಸ್ತ್ರಿಯ ನಡಿಗೆಯನ್ನು ಅಣಕಿಸುತ್ತಿದ್ದ. ಈಗ ಆ ರೇಡಿಯೊ ಬರೀ ಗೊರಗೊರ ಎನ್ನುತ್ತದೆ, ನಡುವೆ ಯಾವಾಗಲೋ ಒಂದು ಮಾತು ಸ್ಪಷ್ಟವಾಗಿ ಹಿಡಿಯುತ್ತದೆ.

ನಮ್ಮ ಕಾರ್ಖಾನೆ ನಿಮಗೆ ಗೊತ್ತಿಲ್ಲದಿರಬಹುದು. ಆದರೆ ನೀವು ದಿನಾ ಅದನ್ನು ನೋಡುತ್ತೀರಿ. ನೀವು ಮುಖ ನೋಡಿಕೊಳ್ಳುವ ಕನ್ನಡಿಯಲ್ಲಿ, ಕೈ ತೊಳೆಯುವ ಬೇಸಿನ್ನಿನಲ್ಲಿ ನಾವು ಪುಡಿ ಮಾಡಿದ ಕಲ್ಲಿದೆ. ಗಂಡಸರು ಕಲ್ಲು ಅರೆಯುತ್ತಾರೆ, ನಾವು ಹೆಂಗಸರು ಜರಡಿ ಹಿಡಿಯುತ್ತೇವೆ. ಪುಡಿ ಎಷ್ಟು ನಯವಾದರೆ ಅಷ್ಟು ಬೆಲೆ. ಎಷ್ಟು ನಯವಾದರೆ ಅಷ್ಟು ಸಲೀಸಾಗಿ ಎದೆಯೊಳಗೆ ಇಳಿಯುತ್ತದೆ ಕೂಡ.

ಆ ಧೂಳನ್ನು ಎಳೆದುಕೊಳ್ಳುವ ಯಂತ್ರವೊಂದು ಕಾರ್ಖಾನೆಯ ಗೋಡೆಯ ಮೇಲಿದೆ. ಹೊಳೆಯುವ ದೊಡ್ಡ ಯಂತ್ರ. ಅದನ್ನು ಹಾಕಿದರೆ ಕರೆಂಟು ಖರ್ಚಾಗುತ್ತದೆ, ಧೂಳಿನ ಜೊತೆಗೆ ಮಾರುವ ಪುಡಿಯೂ ಎಳೆದುಹೋಗುತ್ತದೆ. ಆದ್ದರಿಂದ ಧಣಿಯ ಅಪ್ಪಣೆ ಏನೆಂದರೆ, ತಪಾಸಣೆ ಅಧಿಕಾರಿಯ ಕಾರು ಗೇಟಿಗೆ ಬಂದಾಗ ವಾಚ್‌ಮನ್ ಸೀಟಿ ಊದಬೇಕು, ಆಗ ಸ್ವಿಚ್ಚು ಹಾಕಬೇಕು, ಕಾರು ಹೋದ ಮೇಲೆ ತೆಗೆಯಬೇಕು. ಅಧಿಕಾರಿ ಬಂದು, ಸ್ವಚ್ಛ ಗಾಳಿ ಕುಡಿದು, ಮೆಚ್ಚಿ ಹೋಗುತ್ತಿದ್ದ. ಆ ಸ್ವಿಚ್ಚಿನ ಕೆಲಸ ಅಣ್ಣನದು.

ಸತ್ತವರ ಮನೆಯವರೆಲ್ಲ ಸೇರಿ ಕೇಸು ಹಾಕಿದಾಗ ಧಣಿ ಹೇಳಿದ್ದು ಒಂದೇ ಮಾತು: ಯಂತ್ರ ಹಗಲಿರುಳೂ ನಡೆಯುತ್ತಿತ್ತು, ಇವರು ಸತ್ತದ್ದು ಕುಡಿದು, ಹೊಗೆ ಸೇದಿ. ಅದು ಸುಳ್ಳೆಂದು ಕಣ್ಣಾರೆ ಕಂಡು, ಕೈಯಾರೆ ಮಾಡಿ ಹೇಳಬಲ್ಲವನು ಅಣ್ಣ ಒಬ್ಬನೇ. ಹೇಳಿಯೂ ಹೇಳಿದ್ದ. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, "ಹೌದು, ಧಣಿ ಹೇಳ್ದಾಗ ಹಾಕ್ತಿದ್ದೆ, ಧಣಿ ಹೇಳ್ದಾಗ ತೆಗೀತಿದ್ದೆ" ಎಂದಿದ್ದ. ಬೆರಳಚ್ಚು ಮಾಡುವ ಹೆಂಗಸು ಅದನ್ನೆಲ್ಲ ಟಕಟಕ ಹೊಡೆದಿದ್ದಳು. ಇನ್ನೇನು ಗೆದ್ದೆವು ಎಂದುಕೊಂಡಿದ್ದೆವು. ಮುಠ್ಠಾಳರು ನಾವು.

ನಾವು ಎಂಥ ಮುಠ್ಠಾಳರು ಎಂಬುದನ್ನು ತಿಳಿಸಿದವರು ನಮ್ಮ ವಕೀಲರೇ. ಅವರ ಆಫೀಸಿಗೆ ನಾನೂ ಅತ್ತಿಗೆಯೂ ಹೋಗಿದ್ದೆವು. ಕುರ್ಚಿಗಳು ಖಾಲಿ ಇದ್ದವು. "ಕೂತ್ಕೊಳಿ ಅಂದ್ರೆ ಕೂತ್ಕೋಬಹುದು, ಆದ್ರೆ ಕುಶನ್ ಹೊಸದು," ಎಂದರು ಗುಮಾಸ್ತರು. ನಾವು ನಿಂತೇ ಇದ್ದೆವು.

"ಪಾಟೀಸವಾಲಿಗೆ ಯಾಕೆ ಅಷ್ಟು ಅವಸರ ನಿಮಗೆ?" ಎಂದರು ವಕೀಲರು. "ಎಷ್ಟು ತಡವಾದರೆ ಅಷ್ಟು ಒಳ್ಳೇದು, ತಯಾರಿ ಮಾಡ್ಕೋಬಹುದು."

"ಅವ್ರು ಅಷ್ಟು ದಿನ ಇರಲ್ಲ ಸ್ವಾಮಿ," ಎಂದಳು ಅತ್ತಿಗೆ.

ವಕೀಲರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹಾಗೇನಾದ್ರೂ ಆದ್ರೆ ಸ್ವಲ್ಪ ಕಷ್ಟ ಆಗುತ್ತೆ. ಪಾಟೀಸವಾಲು ಆಗದೆ ಸಾಕ್ಷಿ ತೀರ್ಕೊಂಡ್ರೆ, ಅವನು ಮೊದಲು ಹೇಳಿದ್ದಕ್ಕೆ ಬೆಲೆ ಇರಲ್ಲ. ಎದುರು ಪಕ್ಷಕ್ಕೆ ಪ್ರಶ್ನೆ ಕೇಳೋ ಅವಕಾಶ ಸಿಗಲಿಲ್ಲ ಅಂತ ಆಗುತ್ತಲ್ಲ. ಅದು ಅವರಿಗೆ ಅನ್ಯಾಯ."

"ಅವಕಾಶ ಕೊಟ್ರೂ ಬೇಡ ಅಂತಿರೋರು ಅವ್ರೇ ಅಲ್ವಾ?" ಎಂದೆ. "ಅಂದ್ರೆ ನಮ್ಮಣ್ಣ ಸಾಯ್ಲಿ ಅಂತ ಕಾಯ್ತಿದಾನೆ ಆ ಬೋಳಿಮಗ!"

ವಕೀಲರು ಬೆಚ್ಚಿಬಿದ್ದು ಬಾಗಿಲ ಕಡೆ ನೋಡಿದರು. "ಮಾತು ನೋಡ್ಕೊಂಡು ಆಡಮ್ಮ. ಅವರು ಎಂಥಾ ಸಜ್ಜನರು ಗೊತ್ತಾ? ಹೊಸ ವಕೀಲರಿಗೆಲ್ಲ ಸಭ್ಯತೆ ಅಂದ್ರೇನು ಅಂತ ಪಾಠ ಹೇಳೋರು. ನಾನೂ ಅವರ ಪಾಠ ಕೇಳಿದವನೇ. ಇವತ್ತು ಅವರು ಟೈಮ್ ಕೇಳಿದಾಗ ನಾನು ಆಗಲ್ಲ ಅಂದ್ರೆ, ನಾಳೆ ನನಗೆ ಜ್ವರ ಬಂದಾಗ ಅವರು ಆಗಲ್ಲ ಅಂತಾರೆ. ಕೋರ್ಟು ನಿಮ್ಮ ನಲ್ಲಿ ಕಟ್ಟೆ ಅಲ್ಲ, ಜಡೆ ಹಿಡಿದು ಜಗಳಾಡೋಕೆ. ಇಲ್ಲಿ ಒಂದು ವೃತ್ತಿಧರ್ಮ ಇದೆ."

ನನಗೆ ಅರ್ಥವಾಯಿತು. ಅವರ ಜ್ವರಕ್ಕೂ ನಮ್ಮ ಅಣ್ಣನ ಪ್ರಾಣಕ್ಕೂ ಒಂದು ಕೊಡುಕೊಳ್ಳುವ ವ್ಯವಹಾರ ನಡೆದಿದೆ. ನಮ್ಮ ವಕೀಲರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡಬೇಕು. ಲಂಚ ತಿಂದವರಲ್ಲ, ಸುಳ್ಳು ಹೇಳುವವರಲ್ಲ. ಆ ಕರಿ ಕೋಟುಗಳ ನಡುವೆ ಒಳ್ಳೆಯವನು ಅನ್ನಿಸಿಕೊಳ್ಳಬೇಕೆಂಬ ಒಂದೇ ಆಸೆಯ ಮನುಷ್ಯ. ಅಂದಿನಿಂದ ನಾವು ಅವರಿಗೂ ಒಂದು ಹೆಸರಿಟ್ಟೆವು, ಅಭ್ಯಂತರವಿಲ್ಲ ವಕೀಲರು ಎಂದು.

ನಾವು ಹೊರಡುವ ಮೊದಲೇ ಗುಮಾಸ್ತರು ಬಟ್ಟೆ ತಂದು, ನಾವು ಕೂರದ ಕುರ್ಚಿಗಳನ್ನೂ ಒರೆಸತೊಡಗಿದರು.

ಕಾರ್ಖಾನೆಯಲ್ಲಂತೂ ನನಗೆ ಇದ್ದಕ್ಕಿದ್ದಂತೆ ಮರ್ಯಾದೆ ಹೆಚ್ಚಿತು. ಕೇಸು ಹಾಕಿದ ಮನೆಯವಳೆಂದು ಮೊದಲು ನನ್ನನ್ನು ಬಾಗಿಲಿನ ಹತ್ತಿರದಿಂದ ತೆಗೆದು, ಗಾಳಿಯೇ ಬಾರದ ಹಿಂಬದಿಯ ಮೂಲೆಗೆ ಹಾಕಿದ್ದರು. ಈಗ ಮೇಸ್ತ್ರಿ ದಿನಾ ಬೆಳಿಗ್ಗೆ ಆ ಮೂಲೆಗೇ ಬಂದು ವಿಚಾರಿಸುವುದು ಶುರುವಾಯಿತು.

"ನಿಮ್ಮಣ್ಣ ಹೆಂಗಿದಾನೆ? ಧಣಿಗಳು ಕೇಳಿದ್ರು."

ಅಣ್ಣ ಕೆಲಸಕ್ಕೆ ಬರುತ್ತಿದ್ದ ಅಷ್ಟು ವರ್ಷದಲ್ಲಿ ಅವನು ಇದ್ದಾನೋ ಸತ್ತಿದ್ದಾನೋ ಎಂದು ಕೇಳದ ಧಣಿ, ಈಗ ದಿನಕ್ಕೊಂದು ಸಲ ಕೇಳಿ ಕಳಿಸುತ್ತಿದ್ದ. ಒಂದು ದಿನ ಹಣ್ಣಿನ ಪೊಟ್ಟಣವನ್ನೂ ಕಳಿಸಿದ. ಒಡಹುಟ್ಟಿದವರಿಗೂ ಇಷ್ಟು ಕಾಳಜಿ ಇರುವುದಿಲ್ಲ.

"ಚೆನ್ನಾಗಿದಾನೆ ಅಂತ ಹೇಳು," ಎಂದೆ ಮೇಸ್ತ್ರಿಗೆ, ಜರಡಿ ನಿಲ್ಲಿಸದೆ. "ದಿನಾ ಕುಸ್ತಿ ಆಡ್ತಾನೆ ಅಂತ ಹೇಳು. ಮೊನ್ನೆ ಹೆಂಡ್ತಿ ಜೊತೆ ಕುಣಿದ ಅಂತ ಹೇಳು."

"ಬಾಯಿ ಜಾಸ್ತಿ ಆಯ್ತು ನಿಂಗೆ. ಹಲ್ಕಾ ಮುಂಡೆ, ಕೆಲ್ಸಕ್ಕೆ ಇಟ್ಕೊಂಡಿರೋದೇ ದೊಡ್ಡದು."

"ಇಟ್ಕೊಂಡಿರೋದು ದಿನಾ ಅಣ್ಣನ ಸುದ್ದಿ ಕೇಳೋಕೆ ತಾನೇ? ನನ್ನ ಬಿಡಿಸಿದ್ರೆ ನೀನೇ ನಮ್ಮ ಗುಡಿಸಲಿಗೆ ಬರ್ಬೇಕು. ಅಲ್ಲಿ ಕೆಮ್ಮಿನ ವಾಸನೆ, ನಿಂಗೆ ಆಗಲ್ಲ."

ಮೇಸ್ತ್ರಿ ಉಗಿದು ಹೋದ. ನನ್ನ ಕಾಲಿನ ಹತ್ತಿರವೇ ಉಗಿದ. ನಾನು ಪುಡಿ ಎಳೆದು ಅದನ್ನು ಮುಚ್ಚಿದೆ.

ಆ ಹಣ್ಣನ್ನು ಏನು ಮಾಡಿದೆವು ಎಂದು ಕೇಳುತ್ತೀರಾ? ಬಿಸಾಡಬೇಕೆಂದು ನಾನು ಎತ್ತಿದೆ. ಅಣ್ಣ ಕಸಿದುಕೊಂಡು ತಿಂದ.

"ಬಿಡೇ, ಹಣ್ಣೇನು ಪಾಪ ಮಾಡಿದೆ," ಎಂದ. ಮಾತಿನ ನಡುವೆ ಉಸಿರಿಗೆ ಕಾಯುತ್ತ, ಮೆಲ್ಲಗೆ, ಚಾಪೆಯ ಮೇಲೆ ಕೂತೇ ಹೇಳಿದ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಒಂದು ಮಾತು ಹೇಳ್ಲಾ? ನಗಬೇಡ. ಆವತ್ತು ಆ ಬೆಣ್ಣೆ ಕುರ್ಚಿ ಹಾಕಿಸ್ದಾಗ ನಂಗೆ ಖುಷಿಯಾಯ್ತು. ಹೆಗಲ ಮೇಲೆ ಕೈ ಇಟ್ಟಾಗ ಅಳು ಬಂದಂಗಾಯ್ತು. ಹುಟ್ಟಿದಾಗಿಂದ ಯಾವನಾದ್ರೂ ಕೋಟು ಹಾಕಿದೋನು ನಂಗೆ ಕುರ್ಚಿ ಹಾಕಿದ್ನಾ? ಥೂ. ಒಂದು ಕುರ್ಚಿಗೆ ಬಿದ್ದುಹೋದೆ ನೋಡು."

ಅತ್ತಿಗೆ ಅವನ ಬೆನ್ನು ನೀವುತ್ತಿದ್ದಳು. ನನ್ನ ಜೊತೆ ಜರಡಿ ಹಿಡಿಯುವ ಅವಳೂ ಕೆಮ್ಮುತ್ತಿದ್ದಳು, ಆದರೆ ಅವಳ ಕೆಮ್ಮನ್ನು ಇನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನಾನು ಸತ್ತೋಗ್ತೀನಿ ಅಂತ ದುಃಖ ಇಲ್ಲ," ಎಂದ ಅಣ್ಣ. "ನಾನು ಹೇಳಿದ್ದೂ ನನ್ನ ಜೊತೆ ಸತ್ತೋಗುತ್ತಲ್ಲ, ಅದು ಉರಿಯುತ್ತೆ. ಆ ಸೂಳೆಮಗ ಒಂದ್ಸಲ ಬಾಯ್ಬಿಟ್ಟು ನನ್ನ ಬೈದ್ರೆ ಸಾಕು."

ನೋಡಿ, ನಮ್ಮ ಗತಿ ಇಲ್ಲಿಗೆ ಬಂದಿತ್ತು. ಜೀವಮಾನವೆಲ್ಲ ಬೈಗುಳ ತಿಂದು ಬೇಸತ್ತವರು, ಒಬ್ಬ ದೊಡ್ಡ ಮನುಷ್ಯ ನಮ್ಮನ್ನು ಬೈಯಲಿ ಎಂದು ಹಾತೊರೆಯುತ್ತಿದ್ದೆವು. ಅವರೋ, ಬೈಯಲೊಲ್ಲರು.

ನಮ್ಮ ವಕೀಲರು ತೀರಾ ಸುಮ್ಮನಿರಲಿಲ್ಲ. ನಾನು ಅವರ ಆಫೀಸಿನ ಬಾಗಿಲಲ್ಲಿ ಕೂತು ಅತ್ತ ಮೇಲೆ ಒಂದು ಅರ್ಜಿ ಹಾಕಿದರು. ಸಾಕ್ಷಿಯ ಮನೆಗೇ ಬಂದು ಪಾಟೀಸವಾಲು ಮಾಡಬಹುದೆಂದು ಅರ್ಜಿ. ಬೆಣ್ಣೆ ವಕೀಲರು ಅದನ್ನು ಓದಿ, "ಅತ್ಯಂತ ಮಾನವೀಯ ಸಲಹೆ. ನನ್ನ ಮಿತ್ರರನ್ನು ಅಭಿನಂದಿಸುತ್ತೇನೆ. ಯೋಚಿಸಿ ಉತ್ತರಿಸಲು ಸ್ವಲ್ಪ ಸಮಯ ಬೇಕು," ಎಂದರು. ಅಭ್ಯಂತರವಿಲ್ಲ ವಕೀಲರಿಗೆ ಅಭ್ಯಂತರವಿರಲಿಲ್ಲ.

ಮುಂದಿನ ವಾಯಿದೆಗೆ ನಾವು ಮತ್ತೆ ಅಣ್ಣನನ್ನು ಹೊತ್ತುಕೊಂಡು ಹೋದರೆ ಕೋರ್ಟ್ ಹಾಲ್ ಖಾಲಿ. ಜವಾನ ಕಿಟಕಿಯ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದ.

"ಇವತ್ತು ಮಧ್ಯಾಹ್ನ ಏನೂ ನಡೆಯಲ್ಲ. ಎಲ್ಲಾ ವಕೀಲರ ಸಂಘದಲ್ಲಿದಾರೆ. ಜಡ್ಜ್ ಸಾಹೇಬ್ರೂ ಅಲ್ಲೇ. ಭಾಷಣ."

"ಯಾರ ಭಾಷಣ?"

"ಇನ್ಯಾರದು, ನಿಮ್ಮ ದೋಸ್ತಿದು."

ಅಣ್ಣನನ್ನು ಅತ್ತಿಗೆ, ಮಾಮನ ಹತ್ತಿರ ಬಿಟ್ಟು ನಾನು ಸಂಘದ ಕಟ್ಟಡಕ್ಕೆ ಓಡಿದೆ. ಬಾಗಿಲ ಹತ್ತಿರ ಬ್ಯಾನರು: "ವಕೀಲ ವೃತ್ತಿಯಲ್ಲಿ ಸಭ್ಯತೆ ಮತ್ತು ನ್ಯಾಯ." ಒಳಗಿಂದ ಬೆಣ್ಣೆ ವಕೀಲರ ದನಿ ಮೈಕಿನಲ್ಲಿ ಜಾರಿ ಜಾರಿ ಬರುತ್ತಿತ್ತು. ಎದುರಾಳಿಯನ್ನು ಶತ್ರು ಎಂದು ತಿಳಿಯಬಾರದಂತೆ. ಸಾಕ್ಷಿಯನ್ನು ಗದರಿಸಬಾರದಂತೆ. ದುರ್ಬಲರ ಮುಂದೆ ದನಿ ಎತ್ತುವವನು ವಕೀಲನೇ ಅಲ್ಲವಂತೆ. "ಮೊನ್ನೆ ನನ್ನದೇ ಒಂದು ಪ್ರಕರಣದಲ್ಲಿ," ಎಂದು ಶುರುಮಾಡಿ, ಒಬ್ಬ ಬಡ ಸಾಕ್ಷಿಗೆ ತಾವು ಕುರ್ಚಿ ಹಾಕಿಸಿದ ಕಥೆಯನ್ನು ಹೇಳಿದರು. ಚಪ್ಪಾಳೆ ಬಿತ್ತು. ನಮ್ಮ ವಕೀಲರು ಮುಂದಿನ ಸಾಲಿನಲ್ಲಿ ಕೂತು, ಉಳಿದವರು ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಿದ್ದರು.

ಅಣ್ಣನ ಉಸಿರುಕಟ್ಟು ಅಲ್ಲಿ ಒಂದು ನೀತಿಕಥೆಯಾಗಿತ್ತು.

ಭಾಷಣ ಮುಗಿದು ಹೂಗುಚ್ಛ ಹಿಡಿದು ಹೊರಬಂದ ಬೆಣ್ಣೆ ವಕೀಲರ ಕಾಲಿಗೆ ಬಿದ್ದೆ. ಬೀಳಬೇಕೆಂದುಕೊಂಡು ಹೋಗಿರಲಿಲ್ಲ.

"ಸ್ವಾಮಿ, ಅಣ್ಣ ಹೊರಗೇ ಇದಾನೆ. ಬನ್ನಿ, ಬಂದು ಕೇಳಿ. ಬೈಯಿರಿ. ಕಳ್ಳ ಅನ್ನಿ, ಕುಡುಕ ಅನ್ನಿ, ಏನು ಬೇಕಾದ್ರೂ ಅನ್ನಿ. ಅವನು ಬೇಜಾರು ಮಾಡ್ಕೊಳಲ್ಲ. ಆದ್ರೆ ಕೇಳಿ ಸ್ವಾಮಿ, ನಿಮ್ಮ ದಮ್ಮಯ್ಯ ಅಂತೀನಿ."

ಸುತ್ತ ನಿಂತ ಕರಿ ಕೋಟುಗಳು ಮುಜುಗರದಿಂದ ಅತ್ತಿತ್ತ ನೋಡಿದವು. ಬೆಣ್ಣೆ ವಕೀಲರು ಬಾಗಿ ನನ್ನನ್ನು ಎಬ್ಬಿಸಿದರು. ಅವರ ಕೈ ನಿಜಕ್ಕೂ ಮೆತ್ತಗಿತ್ತು.

"ಛೆ ಛೆ, ಏಳು ತಾಯಿ. ನಿನ್ನ ನೋವು ನನಗೆ ಅರ್ಥ ಆಗುತ್ತೆ. ಆದರೆ ಎದುರು ಪಕ್ಷದವರ ಜೊತೆ ಕೇಸಿನ ವಿಷಯ ನೇರವಾಗಿ ಮಾತಾಡೋದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ. ನಿಮ್ಮ ವಕೀಲರ ಮೂಲಕ ಬಾ." ನಂತರ ಜೊತೆಯಲ್ಲಿದ್ದ ಜೂನಿಯರುಗಳಿಗೆ ತಿರುಗಿ, "ನೋಡಿದಿರಾ? ಇಂಥ ಸಂದರ್ಭದಲ್ಲೇ ನಮ್ಮ ಸಂಯಮದ ಪರೀಕ್ಷೆ ಆಗೋದು," ಎಂದರು.

ಜೂನಿಯರುಗಳು ತಲೆಯಾಡಿಸಿದರು. ಒಬ್ಬಳು ಬರೆದುಕೊಂಡಳು ಕೂಡ.

ನಾನು ಎದ್ದು ಸೀರೆ ಕೊಡವಿಕೊಂಡೆ. ಮೊದಲ ಸಲ ನನಗೆ ಅಳು ಬರಲಿಲ್ಲ. ಕೋಪವೂ ಅಲ್ಲ, ಕೋಪಕ್ಕೆ ಮೀರಿದ ಒಂದು ತಣ್ಣನೆಯದು ಎದೆಯಲ್ಲಿ ಕೂತಿತು. ಇವರು ಕೇಳುವುದಿಲ್ಲ. ಯಾವತ್ತೂ ಕೇಳುವುದಿಲ್ಲ. ಅಣ್ಣನ ಉಸಿರು ನಿಂತ ದಿನ ಬಂದು, ಕೋರ್ಟಿನಲ್ಲಿ ಎದ್ದು ನಿಂತು, ಮೌನ ಆಚರಿಸೋಣ ಎನ್ನುತ್ತಾರೆ.

ಮುಂದಿನ ವಾಯಿದೆಯ ಹೊತ್ತಿಗೆ ಅಣ್ಣನ ತುಟಿ ನೀಲಿಯಾಗಿತ್ತು. ಡಾಕ್ಟರು ಎಲ್ಲಿಗೂ ಒಯ್ಯಬೇಡಿ ಎಂದಿದ್ದರು. "ಒಯ್ಯದಿದ್ರೆ ಬದುಕ್ತೀನಾ?" ಎಂದು ಅಣ್ಣ ಕೇಳಿದ್ದಕ್ಕೆ ಅವರು ಚೀಲ ಮುಚ್ಚಿಕೊಂಡು ಎದ್ದರು. ಆ ದಿನ ಜರಡಿಯ ಹೆಂಗಸರು, ಅರೆಯುವ ಗಂಡಸರು, ಯಾರ್‍ಯಾರ ಮನೆಯಲ್ಲಿ ಸಾವಾಗಿತ್ತೋ ಅವರೆಲ್ಲ ಕೆಲಸ ಬಿಟ್ಟು ಬಂದು ಕೋರ್ಟಿನ ಹಿಂದಿನ ಬೆಂಚುಗಳಲ್ಲಿ ತುಂಬಿಕೊಂಡರು. ಬರೀ ನೋಡಲಿಕ್ಕೆಂದು ಬಂದವರು. ಏನೂ ಮಾತಾಡಿಕೊಂಡಿರಲಿಲ್ಲ.

ಬೆಣ್ಣೆ ವಕೀಲರು ಎದ್ದು, ತಲೆ ಬಾಗಿಸಿ, "ಮಹಾಸ್ವಾಮಿ, ಸಾಕ್ಷಿಯ ಸ್ಥಿತಿ ಕಂಡು ನನಗೆ ಸಂಕಟವಾಗುತ್ತಿದೆ," ಎಂದು ಶುರುಮಾಡಿದರು. ಜಡ್ಜ್ ಸಾಹೇಬರು ಪೆನ್ನು ತೆಗೆದರು. ನಮ್ಮ ವಕೀಲರು ಆಗಲೇ ಅರ್ಧ ಎದ್ದಿದ್ದರು.

ನಾನು ಪೂರಾ ಎದ್ದು ನಿಂತೆ.

"ಏಯ್ ರೇಡಿಯೊ," ಎಂದು ಕೂಗಿದೆ. "ನೀನು ಕುಡಿತೀಯಾ?"

ಅಣ್ಣ ತಲೆ ಎತ್ತಿ ನನ್ನನ್ನು ಹುಡುಕಿದ. ಒಂದು ಕ್ಷಣ ಅವನಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆ ನೀಲಿ ತುಟಿಯಲ್ಲಿ ಅವನ ಹಳೆಯ ತುಂಟತನ ಬಂದು ಕೂತದ್ದನ್ನು ನಾನು ಕಂಡೆ.

"ಕುಡಿತೀನಿ," ಎಂದ.

"ಎಷ್ಟು?"

"ಸಿಕ್ಕಷ್ಟು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ಏನಿದು? ಯಾರಾಕೆ?" ಎಂದು ಜಡ್ಜ್ ಸಾಹೇಬರು ಮೇಜು ಕುಟ್ಟಿದರು. "ಇದು ನ್ಯಾಯಾಲಯಕ್ಕೆ ಅಗೌರವ. ಹೊರಗೆ ಹಾಕಿ ಅವಳನ್ನ." ಪೊಲೀಸಿನವನು ನನ್ನ ರಟ್ಟೆ ಹಿಡಿದು ದರದರ ಎಳೆದ. ಎಳೆಸಿಕೊಳ್ಳುತ್ತಲೇ ನಾನು ಇನ್ನೊಂದು ಕೇಳಿದೆ. "ಕೆಲಸ ಕದ್ದು ಮಲಗ್ತಿದ್ದೆ ಅಂತಲ್ಲ, ಹೌದಾ?" ಅಣ್ಣ, "ಒಂದ್ಸಲ. ಜ್ವರ ಇತ್ತು," ಎಂದ. ಅಷ್ಟರಲ್ಲಿ ನಾನು ಬಾಗಿಲಾಚೆ ಬಿದ್ದಿದ್ದೆ.

ಎದ್ದು ಕಿಟಕಿಗೆ ಓಡಿದೆ. ಒಳಗೆ ಅತ್ತಿಗೆ ನಿಂತಿದ್ದಳು. ಗಂಡನ ಎದುರು ಒಂದು ದಿನವೂ ದನಿ ಎತ್ತಿ ಮಾತಾಡದವಳು.

"ನೀವು ಹೊಗೆ ಸೇದ್ತಿದ್ರಿ ತಾನೇ? ಅದ್ರಿಂದ್ಲೇ ಕಾಯಿಲೆ ಬಂದಿದ್ದು ಅಂತ ಒಪ್ಕೊಳಿ!"

"ಸೇದಿದ್ದು ನಾನು," ಎಂದ ಅಣ್ಣ. ಉಸಿರೆಳೆದುಕೊಂಡ. "ನೀನೂ ಕೆಮ್ತೀಯಲ್ಲ. ನೀನು ಯಾವಾಗ ಸೇದ್ದೆ?"

ಅವಳನ್ನೂ ಎಳೆದರು. ಅವಳ ಹಿಂದೆಯೇ ಜರಡಿಯ ಒಬ್ಬಳು ಎದ್ದಳು. "ಧಣಿ ಮೇಲೆ ಹಗೆ ಇಟ್ಕೊಂಡು ಸುಳ್ಳು ಹೇಳ್ತಿದೀಯ ನೀನು!" "ಹಗೆ ಇದೆ. ಸುಳ್ಳಿಲ್ಲ." ಇನ್ನೊಬ್ಬ ಎದ್ದ. "ಯಂತ್ರ ಕೆಟ್ಟಿತ್ತೇನೋ, ನಿಂಗೇನು ಗೊತ್ತು?" "ತಪಾಸಣೆ ಸಾಹೇಬ್ರು ಬಂದಾಗ ಮಾತ್ರ ಹೆಂಗೆ ರಿಪೇರಿ ಆಗ್ತಿತ್ತು?" ಒಬ್ಬರನ್ನು ಎಳೆದು ಹಾಕುವಷ್ಟರಲ್ಲಿ ಇನ್ನೊಬ್ಬರು ಏಳುತ್ತಿದ್ದರು. ಪೊಲೀಸಿನವನು ಬೆವತುಹೋದ. ಬೆರಳಚ್ಚಿನ ಹೆಂಗಸು ಟಕಟಕ ಹೊಡೆಯುತ್ತಿದ್ದಳೋ ಏನೋ, ಜಡ್ಜ್ ಸಾಹೇಬರು, "ನಿಲ್ಲಿಸಿ, ಇದ್ಯಾವುದನ್ನೂ ಬರೆಯಬೇಡಿ, ಪ್ರಶ್ನೆ ವಕೀಲರೇ ಕೇಳಬೇಕು," ಎಂದು ಕಿರುಚಿದರು.

"ಹಂಗಾದ್ರೆ ಕೇಳ್ಸಿ ಸ್ವಾಮಿ," ಎಂದ ಅಣ್ಣ.

ಬೆಣ್ಣೆ ವಕೀಲರು ಕೆಂಪಾಗಿದ್ದರು. "ಬಾಯಿ ಮುಚ್ಚಿಸ್ರೀ ಈ ಹಲ್ಕಾ ನನ್ಮಕ್ಕಳ್ದು!" ಎಂದು ಕೂಗಿದರು. ಕೂಗಿದ ಮೇಲೆ ತಮ್ಮ ಬಾಯಿಂದ ಏನು ಬಿತ್ತೆಂದು ತಿಳಿದು, ಮೇಜಿನ ಅಂಚು ಹಿಡಿದುಕೊಂಡರು.

ಅಣ್ಣನ ಮುಖ ಬೆಳಗಿತು. "ಈಗ ದಾರಿಗೆ ಬಂದ್ರಿ ಸ್ವಾಮಿ," ಎಂದ. "ಇನ್ನು ಮುಂದಿಂದು ಕೇಳಿ."

ಜಡ್ಜ್ ಸಾಹೇಬರು ತಕ್ಷಣ ಬೆರಳಚ್ಚಿನವಳ ಕಡೆ ಬಾಗಿ, "ವಕೀಲರ ಮಾತಂತೂ ದಾಖಲೆಗೆ ಹೋಗಲೇಬಾರದು," ಎಂದರು. ನ್ಯಾಯ ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಆ ಕೋರ್ಟಿನಲ್ಲಿ ಮೊದಲ ಸಲ ಕಂಡೆ. ನಮ್ಮ ವಕೀಲರು ಇನ್ನೂ ಅರ್ಧ ಎದ್ದೇ ಇದ್ದರು. ಕೂರುವುದೋ ಏಳುವುದೋ ಅವರಿಗೆ ಯಾರೂ ಹೇಳಿರಲಿಲ್ಲ.

ಆಗ ಮೂಟೆ ಮಾಮ ಎದ್ದ. ಅವನು ಕೂಗಲಿಲ್ಲ. ಬೆಂಚಿನ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದ.

"ಸ್ವಿಚ್ಚು ತೆಗೀತಿದ್ದೋನು ನೀನು. ಹಂಗಾದ್ರೆ ನನ್ನ ಮಗನ್ನ ಕೊಂದೋನು ನೀನೇ ಅಲ್ವೇನೋ?"

ಇದು ಆಟವಲ್ಲ ಎಂದು ನಮಗೆಲ್ಲ ತಿಳಿಯಿತು. ಬೆನ್ನ ಮೇಲೆ ಅಣ್ಣನನ್ನು ಹೊತ್ತುಕೊಂಡು ತಿರುಗಿದ ಅಷ್ಟು ದಿನವೂ ಮಾಮ ಆ ಪ್ರಶ್ನೆಯನ್ನೂ ಹೊತ್ತುಕೊಂಡಿದ್ದ. ಎಂಥ ದೊಡ್ಡ ವಕೀಲನೂ ಅದಕ್ಕಿಂತ ಕ್ರೂರವಾದದ್ದನ್ನು ಕೇಳಲಾರ. ಪೊಲೀಸಿನವನೂ ನಿಂತುಬಿಟ್ಟ.

ಅಣ್ಣ ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಕೈ ನಂದು ಮಾಮ," ಎಂದ. "ಕೈ ನಂದೇ. ಅದಕ್ಕೇ ನಂಗೆ ಗೊತ್ತು, ಮಾತು ಯಾರ್ದು ಅಂತ. ತೆಗೀದೆ ಇದ್ರೆ ಕೆಲ್ಸ ಹೋಗ್ತಿತ್ತು. ನಾನು ಹೆದರ್ದೆ. ಬರ್ಕೊಳಿ ಇದನ್ನ. ನಾನೂ ಕೊಂದೆ ಅಂತ ಬರ್ಕೊಳಿ. ಹೇಳಿದೋನ ಹೆಸರು ಅದರ ಮೇಲೆ ಬರ್ಕೊಳಿ."

ಮಾಮ ತಲೆಯಾಡಿಸಿದ. ತಾನಾಗಿಯೇ ನಡೆದು ಹೊರಗೆ ಬಂದ. ಅವನ ಕೆನ್ನೆಯ ಮೇಲಿನ ಬಿಳಿ ಪುಡಿ ಒದ್ದೆಯಾಗಿತ್ತು.

"ಎಲ್ಲರನ್ನೂ ಹೊರಗೆ ಹಾಕಿ, ಕಿಟಕಿ ಬಾಗಿಲು ಮುಚ್ಚಿ," ಎಂದರು ಜಡ್ಜ್ ಸಾಹೇಬರು. ಜವಾನ ಒಂದೊಂದಾಗಿ ಕಿಟಕಿ ಎಳೆದುಕೊಂಡ. ಕೊನೆಗೆ ನನ್ನ ಮುಖದ ಮುಂದೆಯೇ ಎಳೆದ. ಅಣ್ಣ ಕುರ್ಚಿಯಲ್ಲಿ ಒಬ್ಬನೇ ಉಳಿದದ್ದು ಕಂಡಿತು, ಸುತ್ತ ಕರಿ ಕೋಟುಗಳು. ಆಮೇಲೆ ಬರೀ ಮರದ ಹಲಗೆ.

ನಾವೆಲ್ಲ ಮೊಗಸಾಲೆಯಲ್ಲಿ ನಿಂತಿದ್ದೆವು. ಬೇರೆ ಕೇಸುಗಳಿಗೆ ಬಂದವರೂ ಎದ್ದು ಬಂದು ನಮ್ಮ ಜೊತೆ ನಿಂತರು. ಒಳಗೆ ಯಾರೋ ವಾಯಿದೆ ಎಂದರು, ಯಾರೋ ಆಂಬುಲೆನ್ಸ್ ಎಂದರು. ಅದರ ನಡುವೆ ಅಣ್ಣನ ಕೆಮ್ಮು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಉಸಿರಿಗೆ ಕಾಯುತ್ತಿದ್ದಾನೋ, ಪ್ರಶ್ನೆಗೆ ಕಾಯುತ್ತಿದ್ದಾನೋ ತಿಳಿಯಲಿಲ್ಲ. ಅತ್ತಿಗೆ ನನ್ನ ಕೈ ಹಿಡಿದಳು.

ನಾನು ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, ಗಂಟಲು ಹರಿಯುವ ಹಾಗೆ, ಮುಂದಿನ ಪ್ರಶ್ನೆ ಕೇಳಿದೆ.